ಬಾಲ ಬದಲಿಸಿದ ಜೋಗುಳ

ಮನುಷ್ಯನಿಗಿಂತ ಅವನ ಧ್ವನಿಯ ಆಯುಷ್ಯ ದೊಡ್ಡದು. ಆದರೆ ಅದು ಕಾರಿನ ಸ್ಟೀರಿಯೋ ಒಪ್ಪುವ ಫಾರ್ಮ್ಯಾಟಿನಲ್ಲಿರಬೇಕು.

ಬೆಳಿಗ್ಗೆ ಡೊಂಬಿವಲಿ ಎಂಐಡಿಸಿಯ ಮನೆಯಿಂದ ನೆರೂಳಿಗೆ ಹೊರಟೆವು. ಕಾರು ಹಳೆಯದು, ನಡೆಸುವವನು ನನ್ನ ಅಣ್ಣ, ಹಿಂದಿನ ಸೀಟಿನಲ್ಲಿ ಅವನ ಹೆಂಡತಿ, ನನ್ನ ವೈನಿ. ಅಣ್ಣನ ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಅವಳನ್ನೂ ಕೂಸನ್ನೂ ಕರೆತರಬೇಕಿತ್ತು. ಅಣ್ಣನ ಮಗನಿಗೆ ರಜೆ ಸಿಕ್ಕಿರಲಿಲ್ಲ.

ಗಂಟಲಿನ ಆಪರೇಶನ್ ಆದಂದಿನಿಂದ ವೈನಿಗೆ ಧ್ವನಿಯಿಲ್ಲ. ಹಾಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರಿಂದ, ಇನ್ನೂ ಹುಟ್ಟದ ಮೊಮ್ಮಗುವಿಗಾಗಿ ಅಣ್ಣನ ಫೋನಿನಲ್ಲಿ ವೈನಿ ಆಪರೇಶನ್ನಿಗೆ ಮುಂಚೆ ಒಂದು ಜೋಗುಳ ಹಾಡಿಟ್ಟಿದ್ದರು. ಕೂಸು ಮೊದಲ ಸಲ ನಮ್ಮ ಮನೆಗೆ ಬರುವಾಗ ದಾರಿಯಲ್ಲಿ ಅದನ್ನು ಕೇಳಬೇಕು. ಅವರಿಗೆ ಬೇಕಾಗಿದ್ದು ಅದೊಂದೇ.

ಕಟಾಯಿ ನಾಕಾದಲ್ಲಿ ವಡಾಪಾವ್ ತಿನ್ನುತ್ತ ಅಣ್ಣ ತನ್ನ ಸಾಧನೆಯನ್ನು ವಿವರಿಸಿದ. "ಸ್ಟೀರಿಯೋಕ್ಕ ಎಂಪಿಥ್ರೀನ ಬೇಕಂತ. ನಮ್ಮ ಹಾಡು ಎಂಫೋರ್‌ಎ. ಕಂಪ್ಯೂಟರಿನ್ಯಾಗ ಹೆಸರಿನ ಬಾಲ ಅಳಿಸಿ ಎಂಪಿಥ್ರೀ ಅಂತ ಬರದೆ. ಪೆನ್‌ಡ್ರೈವಿಗೆ ಹಾಕಿದೆ. ಮುಗೀತು."

"ಹಚ್ಚಿ ನೋಡಿದೇನು?"

"ನಿಮ್ಮ ವೈನಿ ಎಲ್ಲಿ ಬಿಡತಾಳ? ಕೂಸ ಮೊದಲ ಕೇಳಬೇಕಂತ."

ನೆರೂಳಿನಲ್ಲಿ ಬೀಗರು ಊಟ ಹಾಕದೆ ಬಿಡಲಿಲ್ಲ. ಹೊರಡುವಾಗ ಮಳೆ ಹಿಡಿಯಿತು. ಮಹಾಪೆ ದಾಟುವಷ್ಟರಲ್ಲಿ ಸುತ್ತ ಲಾರಿಗಳು, ಒಳಗೆ ಕೂಸಿನ ಅಳು. ಅಣ್ಣ ಕಾರನ್ನು ಬದಿಗೆ ನಿಲ್ಲಿಸಿ, ಅಕ್ಷತೆ ಹಾಕುವ ಗಾಂಭೀರ್ಯದಿಂದ ಪೆನ್‌ಡ್ರೈವ್ ಸಿಕ್ಕಿಸಿದ. ಈ ಫೈಲು ನಡೆಯುವುದಿಲ್ಲವೆಂದು ಪರದೆ ಇಂಗ್ಲಿಷಿನಲ್ಲಿ ತಿಳಿಸಿತು. ತೆಗೆದು, ಅಂಗಿಗೆ ಒರೆಸಿ, ಮತ್ತೆ ಸಿಕ್ಕಿಸಿದ. ಪರದೆ ಮಾತು ಬದಲಿಸಲಿಲ್ಲ.

"ಹೆಸರು ಬದಲ್ ಮಾಡೀನಲ್ಲ, ಇದಕ್ಕೇನು ಧಾಡಿ?"

ಹಿಂದಿನಿಂದ ಸೊಸೆ ಅಂದಳು, "ಮಾವಾ, ಹೆಸರು ಬದಲ್ ಮಾಡಿದ್ರ ಫೈಲ್ ಬದಲಾಗೂದಿಲ್ರಿ. ಲಗ್ನದಾಗ ತಾಟಿನ ಅಕ್ಕ್ಯಾಗ ಹೊಸಾದು ಬರದು ನನ್ನ ಹೆಸರೂ ಬದಲ್ ಮಾಡಿದ್ರಿ. ನಾ ಬದಲಾದ್ನೇನು?"

ನಾನು ಕಿಟಕಿಯ ಕಡೆ ತಿರುಗಿ ನಕ್ಕೆ. ವೈನಿ ನಗಲಿಲ್ಲ. ಪರದೆಯನ್ನೇ ನೋಡುತ್ತಿದ್ದರು.

ಸೊಸೆ ಮೆತ್ತಗೆ, "ಫೋನಿನ್ಯಾಗ ಅದ ಅಲ್ರಿ, ಅದನ್ನ ಹಚ್ರಿ," ಅಂದಳು. ಅಣ್ಣ ಫೋನನ್ನು ಸ್ಟೀರಿಂಗಿನ ಮುಂದಿಟ್ಟು ಸದ್ದು ಪೂರ್ತಿ ಏರಿಸಿದ. ಒಂದು ಕಂಟೇನರ್ ಲಾರಿ ಹಾದುಹೋಯಿತು. ಹಾಡು ನನಗೇ ಕೇಳಲಿಲ್ಲ, ಹಿಂದಿದ್ದ ಕೂಸಿಗೆಲ್ಲಿ ಕೇಳಬೇಕು?

ವೈನಿ ಕೈ ಚಾಚಿದರು. ಫೋನು ತೆಗೆದುಕೊಂಡು, ಕೂಸನ್ನು ಸೊಸೆಯ ಮಡಿಲಿನಿಂದ ಎತ್ತಿ ಎದೆಗೆ ಒರಗಿಸಿಕೊಂಡರು. ಫೋನನ್ನು ಸೆರಗಿನೊಳಗೆ ಸೇರಿಸಿ, ಹೊಲಿಗೆಯ ಕಲೆಯಿದ್ದ ಗಂಟಲಿಗೇ ಒತ್ತಿಹಿಡಿದು, ಕೂಸಿನ ಕಿವಿಯ ಮೇಲೆ ಬಾಗಿದರು. ತುಟಿ ಹಾಡಿನ ಜೊತೆ ಆಡುತ್ತಿತ್ತು. ಅಣ್ಣ ಗೇರು ಹಾಕಿದ.

ಶಿಳಫಾಟಾ ಬರುವ ಮೊದಲೇ ಕೂಸು ಮಲಗಿತು. ಸ್ಟೀರಿಯೋ ಆ ಫೈಲನ್ನು ಇವತ್ತಿಗೂ ನುಡಿಸುವುದಿಲ್ಲ.