ತುಕ್ಕಿನ ಮೇಲೆ ಇಟ್ಟ ಬೊಟ್ಟು

ಕಾರಿನ ತುಕ್ಕಿಗೆ ಬೊಟ್ಟಿಡುವವರನ್ನು ನೀವು ನೋಡಿರಲಾರಿರಿ. ನಾನು ಅಂಥವಳನ್ನೇ ಮದುವೆಯಾಗಿದ್ದೆ. ಹಣೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಬೊಟ್ಟು, ಕುಂಕುಮದ ಬಣ್ಣದ್ದು. ನಮ್ಮ ಕಾರಿನ ಬಣ್ಣವೂ ಹೆಚ್ಚುಕಡಿಮೆ ಅದೇ. ಹಿಂದಿನ ಬಾಗಿಲ ಹಿಡಿಯ ಕೆಳಗೆ ಬಣ್ಣ ಉಬ್ಬಿ, ಒಂದು ಕಂದು ಚುಕ್ಕಿ ಕಂಡಿತ್ತು. ಅವಳು ಬೊಟ್ಟಿನ ಅಟ್ಟೆಯಿಂದ ಒಂದನ್ನು ಬಿಡಿಸಿ ಅದರ ಮೇಲೆ ಒತ್ತಿದಳು. ಸ್ವಲ್ಪ ಹಿಂದೆ ಸರಿದು ನೋಡಿ, "ಈಗ ಏನೂ ಇಲ್ಲ ಬಿಡು ಬಾವ" ಅಂದಳು.

ಇದು ನಡೆದದ್ದು ಕಲ್ಯಾಣದುರ್ಗದಲ್ಲಿ, ಅವಳ ತವರಿನ ಅಂಗಳದಲ್ಲಿ. ಜಗಲಿ ಮೇಲೆ ಕೂತಿದ್ದ ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದಳು. ಅತ್ತೆ ಅಂದರೆ ಹೆಂಡತಿಯ ತಾಯಿ ಮಾತ್ರವಲ್ಲ, ನಮ್ಮಪ್ಪನ ಸ್ವಂತ ತಂಗಿ. ಹಾಗಾಗಿ ನನಗೆ ಅಳಿಯನ ಮರ್ಯಾದೆ ಎಂಬುದು ಆ ಮನೆಯಲ್ಲಿ ಎಂದೂ ಸಿಕ್ಕಿಲ್ಲ. ನಾನು ಅವಳಿಗೆ "ಏನಪ್ಪ", ಅವಳು ನನಗೆ "ನೀನು". ಹೆಂಡತಿಗೂ ಚಿಕ್ಕಂದಿನಿಂದ ನಾನು ಬಾವನೇ, ಮದುವೆಯಾದ ಮೇಲೂ ಅದು ಬದಲಾಗಲಿಲ್ಲ.

ಆ ಚುಕ್ಕಿಗೆ ಬೊಟ್ಟಿಡುವ ಮೊದಲು ಅವಳು ಇನ್ನೊಂದು ಘನಕಾರ್ಯ ಮಾಡಿದ್ದಳು. ನಮ್ಮದು ಆಂಧ್ರದ ಗಡಿಯ ಹಿಂದೂಪುರ. ಹುಣಸೆಹಣ್ಣಿನ ಮಂಡಿಗೆ ಹತ್ತಿರದ ಬೀದಿಯಲ್ಲಿ ಮನೆ. ಕಾಲ ಬಂತೆಂದರೆ ಬೀದಿಗೆ ಬೀದಿಯೇ ಹುಳಿ ವಾಸನೆ. ಹುಣಸೆಹಣ್ಣಿಗೆ ಹೋಗದ ಕಲೆಯೇ ಇಲ್ಲವೆಂದು ನಮ್ಮ ಹೆಂಗಸರ ನಂಬಿಕೆ. ಹಿತ್ತಾಳೆ ಚೊಂಬಿಗೆ ಹಚ್ಚುವಂತೆ ಹುಣಸೆಹಣ್ಣಿಗೆ ಉಪ್ಪು ಸೇರಿಸಿ ಕಾರಿನ ತುಕ್ಕಿಗೆ ತಿಕ್ಕಿ, ಒಣಗಲು ಬಿಟ್ಟು, ಒಂದು ಚೊಂಬು ನೀರು ಸುರಿದು ಬಂದಿದ್ದಳು. ತುಕ್ಕು ಹೋಯಿತು, ನಿಜ. ತಗಡು ಬೆಳ್ಳಗೆ ಹೊಳೆಯಿತು. ಅವಳ ಜಂಬ ಕೇಳಬೇಕಿತ್ತು. ಕೆಲವೇ ದಿನಗಳಲ್ಲಿ ಉಪ್ಪು, ಹುಳಿ ಒಳಗೇ ಕೂತು, ಪಕ್ಕದ ಬಣ್ಣವನ್ನೂ ಎಬ್ಬಿಸಿ, ಚುಕ್ಕಿ ಮೊದಲಿಗಿಂತ ಅಗಲವಾಗಿ ಬಂತು. ಬೊಟ್ಟು ಬಂದದ್ದು ಅದನ್ನು ಮುಚ್ಚಲು.

ಆಮೇಲೆ ಅದೇ ಅಭ್ಯಾಸವಾಯಿತು. ನನ್ನ ಸೀರೆ ಅಂಗಡಿಗೆ ಗಂಟು ತರಲು ಕೊಂಡ ಹಳೆಯ ಕಾರು ಅದು, ಗೀಚು ಬೀಳುತ್ತಲೇ ಇತ್ತು. ಗೀಚು ಬಿದ್ದಲ್ಲಿ ತುಕ್ಕು, ತುಕ್ಕು ಎದ್ದಲ್ಲಿ ಬೊಟ್ಟು. ಬಾನೆಟ್ಟಿನ ಅಂಚಿಗೊಂದು, ಡಿಕ್ಕಿಗೊಂದು, ಚಕ್ರದ ಮೇಲಿನ ಕಮಾನಿಗೆರಡು. "ಏನೇ ಇದು, ಕಾರಿಗೆ ಸೀಮಂತ ಮಾಡ್ತೀಯಾ?" ಎಂದು ರೇಗಿಸುತ್ತಿದ್ದೆ. ರಿಪೇರಿ ಶೆಡ್ಡಿಗೆ ಕೊಂಡೊಯ್ಯುತ್ತೇನೆ ಎಂದರೆ, "ಏನೂ ಇಲ್ಲ ಬಿಡು ಬಾವ" ಎಂಬ ಅದೇ ಮಾತು.

ಹೊಟ್ಟೆಯಲ್ಲಿ ಏನೋ ಚುಚ್ಚುತ್ತದೆ ಎಂದು ಒಂದು ಸಲ ಬಾಯಿಬಿಟ್ಟವಳು, ಎರಡನೇ ಸಲ ಕೇಳಿದಾಗ "ಏನೂ ಇಲ್ಲ ಬಿಡು ಬಾವ" ಅಂದಳು. ಡಾಕ್ಟರು ತೆಲುಗಿನಲ್ಲಿ ಕೇಳಿದರೆ ತೆಲುಗಿನಲ್ಲೇ ಅದೇ ಮಾತು, "ಏಮೀ ಲೇದು ಸಾರ್" ಅಂದು ಬಂದಳು. ಮುಖ ತೊಳೆದು, ಬೊಟ್ಟಿಟ್ಟುಕೊಂಡು, ಹೂ ಮುಡಿದು ಎದುರಿಗೆ ನಿಂತರೆ ಯಾರಿಗೆ ತಾನೇ ಗೊತ್ತಾಗಬೇಕು? ಆ ಸಿಟ್ಟು ನನಗೆ ಇನ್ನೂ ಇದೆ. ಸತ್ತವಳ ಮೇಲೆ ಸಿಟ್ಟು ಮಾಡಬಾರದು ಎನ್ನುವವರು ಹೇಳಿಕೊಳ್ಳಲಿ.

ಕಲ್ಯಾಣದುರ್ಗಕ್ಕೆ ಹೋಗಿದ್ದಾಗಲೇ ಅವಳು ಅಂಗಳದಲ್ಲಿ ಕುಸಿದಳು. ಅತ್ತೆಯೂ ನಾನೂ ಹಿಡಿದು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಅತ್ತೆಗೆ ಮಂಡಿನೋವು, ಅವಳನ್ನು ಮನೆಯಲ್ಲೇ ಬಿಟ್ಟು, ಬಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆ. ದಾರಿಯುದ್ದಕ್ಕೂ, "ನೋಯ್ತದಾ?" ಅಂತ ನಾನು. "ಏನೂ ಇಲ್ಲ ಬಿಡು ಬಾವ, ರಸ್ತೆ ನೋಡು" ಅಂತ ಹಿಂದಿನಿಂದ ಅವಳು. ಆ ಆಸ್ಪತ್ರೆಯಿಂದ ಅವಳು ಜೀವಂತ ಹೊರಗೆ ಬರಲಿಲ್ಲ.

ಹಿಂದೂಪುರದ ಮನೆ ಮುಂದೆ ಮಲಗಿಸಿದಾಗ ಹೆಂಗಸರು ಕುಂಕುಮದ ಬಟ್ಟಲು ತಂದು ನನ್ನ ಮುಂದೆ ಹಿಡಿದರು. ಮುತ್ತೈದೆಯಾಗಿ ಹೋದವಳಿಗೆ ಕೊನೆಯ ಬೊಟ್ಟನ್ನು ಗಂಡನೇ ಇಡಬೇಕು. ನನ್ನ ಕೈ ಏಳಲಿಲ್ಲ. "ಇಡಪ್ಪ, ಹೊತ್ತಾಯ್ತದೆ" ಎಂದು ಯಾರೋ ಅಂದರು. ಕೊನೆಗೆ ನನ್ನ ಅಕ್ಕ ಬಟ್ಟಲು ತಗೊಂಡು ತಾನೇ ಇಟ್ಟಳು. ಅತ್ತೆ ತಲೆದೆಸೆಯಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು.

ಅತ್ತೆ ಅಂದದ್ದು ಒಂದೇ ಮಾತು, ಊರಿಗೆ ಹಿಂತಿರುಗುವಾಗ: "ಆ ಕಾರ್ನ ನಮ್ ಬಾಗ್ಲಿಗೆ ತರ್ಬ್ಯಾಡ ಕಣಪ್ಪ." ಅಲ್ಲಿಂದ ಮುಂದೆ ನಾನು ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲೇ ಹೋಗಿ ಬಂದೆ. ಕಾರಿನ ಹಿಂದಿನ ಸೀಟಿನಲ್ಲಿ ಆಮೇಲೆ ಯಾರೂ ಕೂರಲಿಲ್ಲ. ಸೀರೆ ಗಂಟನ್ನೂ ನಾನು ಡಿಕ್ಕಿಯಲ್ಲೇ ಹಾಕುತ್ತಿದ್ದೆ. ಹಳ್ಳ ಬಿದ್ದ ರಸ್ತೆಯಲ್ಲಿ ಕಾರು ಎತ್ತಿ ಹಾಕಿದರೆ ಈಗಲೂ ಕಣ್ಣು ಕನ್ನಡಿಯ ಕಡೆ ಹೋಗುತ್ತದೆ. ಹಿಂದೆ ಖಾಲಿ ಸೀಟು ಕಂಡ ಮೇಲೇ ಉಸಿರು ಬಿಡುವುದು. ಅಥವಾ ಖಾಲಿ ಕಂಡದ್ದಕ್ಕೇ ಉಸಿರು ಕಟ್ಟುತ್ತದೋ, ನನಗೆ ತಿಳಿಯದು.

ವರ್ಷದ ಕಾರ್ಯ ಹತ್ತಿರ ಬಂತು. ಅತ್ತೆ ಬರಲೇಬೇಕು. ಬಸ್ಸು ಹತ್ತಲು ಅವಳ ಮಂಡಿ ಬಿಡದು. ಬಾಡಿಗೆ ಕಾರು ಮಾಡಬಹುದಿತ್ತು, ಬಾಮೈದ ಅದನ್ನೇ ಅಂದ. ನನಗೆ ಹಟ. ಬಾಡಿಗೆ ಕಾರಿನಲ್ಲಿ ಬಂದರೆ ನೆಂಟಳ ಹಾಗೆ ಬಂದು, ಉಂಡು, ಹೊರಟುಹೋಗುತ್ತಾಳೆ. ಮತ್ತೆ ನಮ್ಮ ಮನೆ ಹೊಸಲು ತುಳಿಯುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಅವಳ ಕಡೆಯ ಹಿರಿಯರು ಎಂದು ನನಗೆ ಉಳಿದದ್ದು ಅತ್ತೆ ಒಬ್ಬಳೇ. ಅವಳು ಈ ಕಾರಿನಲ್ಲೇ ಕೂತು ಬರಬೇಕು.

ಫೋನಿನಲ್ಲಿ ಕೇಳಿದೆ. ಅತ್ತೆ ಅಂದಳು, "ಅದ್ರಾಗೆ ಹೆಂಗಪ್ಪ ಕೂರ್ಲಿ? ಅದ್ರ ಮೈ ತುಂಬ ಅವ್ಳಿಟ್ಟ ಬೊಟ್ಟೇ ಐತಲ್ಲ."

ಓಹೋ, ಅಷ್ಟೇ ತಾನೆ ಅಂದುಕೊಂಡೆ. ಬೊಟ್ಟು ಕಣ್ಣಿಗೆ ಬೀಳದಿದ್ದರೆ ಕೂರುತ್ತಾಳೆ. ಹೇಗೂ ತುಕ್ಕು ತೆಗೆಸಬೇಕಿತ್ತು. ಶೆಡ್ಡಿಗೆ ಕೊಡಲು ಮನಸ್ಸಾಗಲಿಲ್ಲ, ಯಾವನೋ ಅವನ್ನು ಉಗುರಲ್ಲಿ ಕೆರೆದು ಕಾಲಕೆಳಗೆ ಹಾಕುವುದು ನನಗೆ ಬೇಡವಾಗಿತ್ತು. ಬಣ್ಣದಂಗಡಿಗೆ ಹೋಗಿ ಉಪ್ಪುಕಾಗದ, ಥಿನ್ನರ್, ತುಕ್ಕು ತಡೆಯುವ ರೆಡ್ ಆಕ್ಸೈಡ್, ಕಾರಿನ ಬಣ್ಣಕ್ಕೆ ಹೊಂದಿಸಿ ಕಲಸಿದ ಪುಟ್ಟ ಡಬ್ಬಿ ತಂದೆ. ಅಂಗಡಿಗೆ ರಜ ಹಾಕಿ ಬೆಳಿಗ್ಗೆ ಬೆಳಿಗ್ಗೆಯೇ ಕೂತೆ.

ಬೊಟ್ಟುಗಳು ಸಲೀಸಾಗಿ ಬರಲಿಲ್ಲ. ಬಿಸಿಲಿಗೆ ಬೆಂದು ಗಟ್ಟಿಯಾಗಿದ್ದವು. ಕೊಬ್ಬರಿ ಎಣ್ಣೆ ಸವರಿ, ನೆನೆಯಲು ಬಿಟ್ಟು, ಉಗುರಿನಿಂದ ಮೆಲ್ಲಗೆ ಎಬ್ಬಿಸಿದೆ. ಒಂದೊಂದರ ಕೆಳಗೂ ತುಕ್ಕು ಬೊಟ್ಟಿನಷ್ಟೇ ದುಂಡಗೆ ಕೂತಿತ್ತು. ಗಾಳಿಗೆ ಬಿಟ್ಟ ಗೀಚುಗಳು ಬರೀ ಕಂದಾಗಿದ್ದವು, ಇವಳು ಮುಚ್ಚಿಟ್ಟ ಕಡೆ ತೇವ ಒಳಗೇ ನಿಂತು ತಗಡನ್ನು ತಿಂದಿತ್ತು. "ನೋಡೇ, ನೋಡಿಲ್ಲಿ. ಏನೂ ಇಲ್ಲ ಅಂತೀಯಲ್ಲ, ಇದೇನೇ?" ಎಂದು ಜೋರಾಗಿಯೇ ಬೈದೆ. ಎದುರುಮನೆಯ ಹೆಂಗಸು ರಂಗೋಲಿ ಬಿಡುತ್ತಿದ್ದವಳು ತಲೆ ಎತ್ತಿ, ನಾನು ಯಾರನ್ನು ಬೈಯುತ್ತಿದ್ದೇನೆಂದು ನನ್ನ ಅಕ್ಕಪಕ್ಕ ನೋಡಿದಳು. ಆಮೇಲೆ ತಲೆ ತಗ್ಗಿಸಿಕೊಂಡಳು.

ಉಪ್ಪುಕಾಗದ ನೆನೆಸಿ ತಿಕ್ಕಲು ಶುರು ಮಾಡಿದೆ. ಸರಸರ ಸದ್ದು. ಹಿತ್ತಲಲ್ಲಿ ಅವಳು ಚೊಂಬು ತಿಕ್ಕುವಾಗ ಕೇಳುತ್ತಿದ್ದುದೂ ಇದೇ ಸದ್ದು. ಒಂದು ಸಲ ಕೈ ನಿಲ್ಲಿಸಿದೆ. ಹಿತ್ತಲಿಂದ ಆ ಸದ್ದು ಇನ್ನೂ ಒಂದು ಗಳಿಗೆ ಬಂತು, ಆಮೇಲೆ ನಿಂತಿತು. ನಾನು ಹೆದರುವ ಗಂಡಸಲ್ಲ, ಆದರೂ ಎದ್ದು ಹೋಗಿ ನೋಡಿದೆ. ಪಾತ್ರೆ ತಿಕ್ಕುವ ಕಲ್ಲು ಒಣಗಿತ್ತು. ಕಲ್ಲಿನ ಮೂಲೆಯಲ್ಲಿ ಅವಳು ಸಿಕ್ಕಿಸಿಟ್ಟಿದ್ದ ಹುಣಸೆ ನಾರು ಕಪ್ಪಗಾಗಿ ಹಾಗೇ ಇತ್ತು. ವಾಪಸು ಬಂದು ಕೆಲಸ ಮುಂದುವರಿಸಿದೆ. ಮತ್ತೆ ಕೈ ನಿಲ್ಲಿಸುವ ಧೈರ್ಯ ಮಾಡಲಿಲ್ಲ.

ಬಿಳಿ ತಗಡು ಕಾಣುವವರೆಗೆ ತಿಕ್ಕಿ, ಥಿನ್ನರಿನಲ್ಲಿ ಒರೆಸಿ, ಸಣ್ಣ ಬ್ರಷ್ಷಿನಲ್ಲಿ ರೆಡ್ ಆಕ್ಸೈಡ್ ಇಟ್ಟೆ. ಇಟ್ಟು ಎದ್ದು ನಿಂತು ನೋಡಿದೆ. ಕಾರಿನ ಮೈಮೇಲೆ ಕೆಂಪಗೆ, ಒದ್ದೆಯಾಗಿ, ದುಂಡನೆಯ ಬೊಟ್ಟುಗಳು. ಅವಳು ಇಟ್ಟದ್ದಕ್ಕಿಂತ ಹೆಚ್ಚು ಎದ್ದು ಕಾಣುತ್ತಿದ್ದವು. ಅವು ಒಣಗುವವರೆಗೆ ನಾನು ಮನೆಯೊಳಗೆ ಹೋಗಿ ಕೂತಿದ್ದೆ.

ಆಮೇಲೆ ಬಣ್ಣ ಬಳಿದೆ, ಒಣಗಿದ ಮೇಲೆ ಇನ್ನೊಂದು ಕೈ. ನಡುಹಗಲಲ್ಲಿ ನೋಡಿದರೆ ಏನೂ ಗೊತ್ತಾಗದು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಹೊಸ ಬಣ್ಣ ಬೇರೆಯಾಗಿ ಹೊಳೆದು, ಒಂದೊಂದು ಬೊಟ್ಟೂ ಇದ್ದಲ್ಲಿಯೇ ಕಾಣಿಸಿಕೊಂಡಿತು. ಅತ್ತೆಯನ್ನು ಬೆಳಿಗ್ಗೆಯೇ ಕರೆದುಕೊಂಡು ಬರಬೇಕು ಎಂದು ತೀರ್ಮಾನಿಸಿ, ಬರುತ್ತಿದ್ದೇನೆಂದು ಬಾಮೈದನಿಗೆ ಫೋನು ಮಾಡಿದೆ.

ಮರುದಿನ ರೊದ್ದಂ ದಾಟಿ, ಕಂಬದೂರಿನ ಮೇಲೆ ಕಲ್ಯಾಣದುರ್ಗ ಸೇರಿದಾಗ ಅತ್ತೆ ತಲೆ ಬಾಚಿ, ಚೀಲ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದಳು. ಬರುವ ಮನಸ್ಸು ಮಾಡಿದ್ದಾಳೆ ಎಂದು ನನಗೆ ಸಮಾಧಾನವಾಯಿತು. ಗೋಡೆ ಹಿಡಿದು ಎದ್ದು ಬಂದು, ಹಿಂದಿನ ಬಾಗಿಲ ಹತ್ತಿರ ನಿಂತು, ಹಿಡಿಯ ಕೆಳಗೆ ಅಂಗೈ ಆಡಿಸಿದಳು. ಬಾನೆಟ್ಟಿನ ಅಂಚು ಮುಟ್ಟಿ ನೋಡಿದಳು. ಚಕ್ರದ ಮೇಲೆ ನೋಡಿದಳು.

"ಎಲ್ಲಪ್ಪ ಅವು?"

"ಯಾವು ಅತ್ತೆ?"

"ಅವ್ಳಿಟ್ಟ ಬೊಟ್ಟು."

"ತೆಗ್ದುಬುಟ್ಟೆ. ತುಕ್ಕೆಲ್ಲ ಕೆರೆದು ಬಣ್ಣ ಹೊಡ್ದೀನಿ. ನೀನೇ ಅಂದ್ಯಲ್ಲ, ಬೊಟ್ಟಿದ್ರೆ ಹೆಂಗ್ ಕೂರ್ಲಿ ಅಂತ."

"ಹೆಂಗ್ ಕೂರ್ಲಿ ಅಂದೆ. ತೆಗಿ ಅಂದ್ನೇನೋ?" ಅತ್ತೆ ಮತ್ತೆ ಹಿಡಿಯ ಕೆಳಗೆ ಕೈ ಆಡಿಸಿದಳು. "ಕಾರು ಬಂದ್ರೆ ಅವನ್ನಾದ್ರೂ ಒಂದ್ಸಲ ಮುಟ್ಟಾನ ಅಂತ ಕೂತಿದ್ದೆ."

ಅವಳು ವಾಪಸು ಜಗಲಿಗೆ ಹೋಗಿ ಕೂತಳು. ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅಷ್ಟು ತಿಕ್ಕಿದ್ದು, ಬಳಿದದ್ದು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಬಾಮೈದ ಬಾಗಿಲಲ್ಲಿ ನಿಂತು, "ಗಾಡಿ ಮಾಡಿಸ್ಲಾ ಬಾವ?" ಎಂದು ಕಣ್ಣಲ್ಲೇ ಕೇಳಿದ. ನಾನು ಬೇಡವೆಂದು ತಲೆಯಾಡಿಸಿದೆ.

ಅತ್ತೆ ಎದ್ದು ಒಳಗೆ ಹೋದಳು. ಪಾತ್ರೆ ಸರಿಸಿದ ಸದ್ದು, ಟ್ರಂಕಿನ ಮುಚ್ಚಳದ ಸದ್ದು ಕೇಳಿತು. ಹೊರಗೆ ಬಂದಾಗ ಕೈಯಲ್ಲಿ ಒಂದು ಬೊಟ್ಟಿನ ಅಟ್ಟೆ. ನನ್ನವಳು ಈ ಅಂಗಳದಲ್ಲಿ ಮೊದಲ ಬೊಟ್ಟು ಕಿತ್ತ ಅಟ್ಟೆಯೇ ಅದು. ಕಿತ್ತ ಜಾಗಗಳು ಖಾಲಿ ಇದ್ದವು. ಅತ್ತೆ ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು ನನ್ನ ಕಡೆ ಚಾಚಿದಳು.

"ನನ್ ಕೈಲಿ ಇಡ್ಬಾರ್ದು, ಗಂಡ ಹೋದೋಳು. ನೀನಿಡು. ಅವತ್ತೂ ಇಡ್ಲಿಲ್ಲ ನೀನು."

ಬೈದು ಅಂದದ್ದಲ್ಲ. ಮರೆತ ಚೊಂಬನ್ನು ನೆನಪಿಸಿದಂತೆ ಅಂದಳು. ನಾನು ಒಂದು ಬೊಟ್ಟನ್ನು ಬಿಡಿಸಿದೆ. ಈ ಸಲ ಕೈ ಎದ್ದಿತು. ಹಿಡಿಯ ಕೆಳಗೆ, ಅದೇ ಜಾಗದಲ್ಲಿ ಇಟ್ಟು, ಹೆಬ್ಬೆರಳಿನಿಂದ ಒತ್ತಿದೆ. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ, ಬೊಟ್ಟು ಅದರಲ್ಲಿ ಕೂತುಕೊಂಡಿತು. ಇನ್ನು ಅದನ್ನು ತೆಗೆದರೆ ಬಣ್ಣವೂ ಕಿತ್ತು ಬರುತ್ತದೆ. ಕೆಳಗೆ ಮತ್ತೆ ತುಕ್ಕು ಬರುವುದೂ ನನಗೆ ಗೊತ್ತು. ಬರಲಿ.

ಅತ್ತೆ ಅದನ್ನು ಅಂಗೈಯಿಂದ ಮುಟ್ಟಿದಳು. ತಾನೇ ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ, ಮಗಳ ತಲೆಯಿದ್ದ ಕಡೆ ಕೂತಳು.

ಊರು ದಾಟಿದೆವು. ಕಂಬದೂರಿಗೆ ಮುಂಚೆ ರಸ್ತೆ ಹಾಳಾದ ಕಡೆ ಕಾರು ಒಂದು ಸಲ ಎತ್ತಿ ಹಾಕಿತು. ಹಿಂದಿನಿಂದ ಸಣ್ಣದಾಗಿ ಮುಲುಕಿದ್ದು ಕೇಳಿತು. ಕನ್ನಡಿಯಲ್ಲಿ ನೋಡಿದೆ. ಅತ್ತೆ ಮುಖ ಕಿಟಕಿಯ ಕಡೆ ತಿರುಗಿಸಿ, ತುಟಿ ಕಚ್ಚಿ ಹಿಡಿದಿದ್ದಳು.

"ನೋಯ್ತದಾ ಅತ್ತೆ?"

"ಏನೂ ಇಲ್ಲ ಬಿಡಪ್ಪ. ರಸ್ತೆ ನೋಡು."

ಅದೇ ದನಿ, ಅದೇ ಸೀಟು. ಕಾರನ್ನು ಬೇವಿನ ಮರದ ಕೆಳಗೆ ಪಕ್ಕಕ್ಕೆ ತಂದು ನಿಲ್ಲಿಸಿ, ಇಂಜಿನ್ ಆರಿಸಿದೆ. ಇಳಿದು ಹೋಗಿ, ಹಿಂದಿನ ಬಾಗಿಲು ತೆಗೆದು, ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತೆ.

"ಬಿಡಲ್ಲ ಅತ್ತೆ. ಎಲ್ಲಿ ನೋಯ್ತದೆ ಹೇಳು. ನೀನು ಹೇಳೋ ತನಕ ಕಾರು ಮುಂದಕ್ಕೆ ಹೋಗಲ್ಲ."

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ನನ್ನ ಕೈ ತೆಗೆದುಕೊಂಡು, ಮೊದಲು ಮಂಡಿಯ ಮೇಲೆ ಇಟ್ಟಳು. ಆಮೇಲೆ ಎದೆಯ ಮೇಲೆ ಇಟ್ಟುಕೊಂಡು, ವರ್ಷದಿಂದ ಅಳದಿದ್ದುದನ್ನೆಲ್ಲ ಅತ್ತಳು.