ಹೋಗಿ ಬರುವ ವೀಸಾ

ನನ್ನ ಬಾಯಿ ಜೋರು. ಮಂಗಳೂರಿನ ಕಾನೂನು ಕಾಲೇಜಿನಲ್ಲಿ ಅದಕ್ಕೆ ಬಹುಮಾನ ಕೊಟ್ಟರು. ಮದುವೆಯಾಗಿ ಸೌದಿಯ ದಮ್ಮಾಮಿಗೆ ಬಂದ ಮೇಲೆ ಅದೇ ಅಧಿಕಪ್ರಸಂಗವಾಯಿತು. ಇಲ್ಲಿ ನಾನು ಕರಿ ಕೋಟು ಹಾಕುವಂತಿಲ್ಲ, ಸರಿ. ಆದರೆ ಒಗ್ಗರಣೆ ಹಾಕುತ್ತಾ ಮೊಬೈಲಿಗೆ ಮಾತಾಡಬಾರದು ಎಂದು ಯಾವ ಕಾನೂನಿನಲ್ಲಿದೆ? ನಮ್ಮ ಕರಾವಳಿ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಕಾನೂನಿನ ಶಬ್ದವನ್ನು ಬಿಡಿಸಿ ಹೇಳತೊಡಗಿದೆ.

ಕಫೀಲ್ ಎಂದರೆ ನಿಮ್ಮನ್ನು ಕೆಲಸಕ್ಕೆ ಕರೆಸಿಕೊಂಡ ಮಾಲಕ, ಕೊಂಡುಕೊಂಡ ಧಣಿ ಅಲ್ಲ. ಇಕಾಮಾ ಎಂದರೆ ನಿಮ್ಮ ವಾಸದ ಪರವಾನಗಿ, ಅದು ನಿಮ್ಮ ಪರ್ಸಿನಲ್ಲಿರಬೇಕು, ಮಾಲಕನ ಮೇಜಿನ ಖಾನೆಯಲ್ಲಲ್ಲ. ಮುಖ್ತಾರುನಾಮೆ ಎಂದರೆ ನಿಮ್ಮ ಹೆಸರಿನಲ್ಲಿ ಸಹಿ ಹಾಕುವ ಅಧಿಕಾರವನ್ನು ಇನ್ನೊಬ್ಬರಿಗೆ ಕೊಡುವುದು. ಸ್ವಂತ ಮೈದುನನಾದರೂ ಸರಿ, ಯಾವ ಕೆಲಸಕ್ಕೆ ಎಂದು ಬರೆಯದೆ ಕೊಡಬೇಡಿ. ಇದನ್ನು ಕೇಳಿದ್ದೇ ತಡ, ಮೂರ್ನಾಲ್ಕು ಮನೆಗಳ ಗಂಡಸರಿಗೆ ಸಿಟ್ಟು ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ನಾನು ಮುಂದಿನ ವಾರ ಅದನ್ನೇ ಇನ್ನೊಮ್ಮೆ ಹೇಳಿದೆ.

"ನಿನಗ್ಯಾಕೆ ಊರ ಉಸಾಬರಿ?" ಎಂದರು ನನ್ನ ಗಂಡ. ಅವರು ಹೆದರುವ ಜಾತಿ. ಕೆಟ್ಟವರಲ್ಲ.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರೈಸ್ತ ಹೆಂಗಸೊಬ್ಬರಿದ್ದರು. ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಸೌದಿ ಮಕ್ಕಳ ಒಂದು ನರ್ಸರಿಯಲ್ಲಿ ಆಯಾ. ದೊಡ್ಡ ಮಗಳ ಮದುವೆಗೆ ಊರಿಗೆ ಹೊರಟಿದ್ದರು. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಮುಂಚೆಯೇ ತಲುಪಬೇಕು, ಮದುವೆ ಮುಗಿಸಿ ವಾಪಸು ಬರಬೇಕು. ಚಿಕ್ಕ ಮಗಳು ಇನ್ನೂ ನರ್ಸಿಂಗ್ ಓದುತ್ತಿದ್ದಳು. ಈ ಕೆಲಸ ಹೋದರೆ ಅವಳ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಬಾಯಮ್ಮ ಪೆಟ್ಟಿಗೆ ತೂಗುವ ಕೊಕ್ಕೆ ತಕ್ಕಡಿ ಕೇಳಲು ಬಂದರು. ಆ ವಾರ ನಾನು ಊರಿಗೆ ಹೋಗುವ ಎರಡು ಬಗೆಯ ವೀಸಾಗಳ ಬಗ್ಗೆ ಹೇಳಿದ್ದೆ. ಸುಮ್ಮನೆ, "ವೀಸಾ ತೋರಿಸಿ ನೋಡುವಾ" ಎಂದೆ. ನೋಡಿದರೆ ಫೈನಲ್ ಎಕ್ಸಿಟ್!

"ಎಕ್ಸಿಟ್ ಅಂದ್ರೆ ಹೋಗುದೇ ಅಲ್ವಾ ಮಾರಾಯ್ತಿ?" ಎಂದರು.

"ಬಾಯಮ್ಮ, ಮನೆಯಿಂದ ಹೊರಡುವಾಗ ನಾವು ಎಂತ ಹೇಳ್ತೇವೆ? 'ಹೋಗ್ತೇನೆ' ಅಂತೇವಾ? 'ಹೋಗಿ ಬರ್ತೇನೆ' ಅಲ್ವಾ? ಹೋಗಿ ಬರುವವರಿಗೆ ಕೊಡುವ ವೀಸಾ ಬೇರೆ ಉಂಟು. ಇದು ಬರೀ ಹೋಗುದು. ಕೆಲಸ ಬಿಟ್ಟು, ಇಕಾಮಾ ಬಿಟ್ಟು ಹೋಗುದು."

ಬಾಯಮ್ಮ ಅಲ್ಲೇ ಕುಳಿತರು. "ಕೆಲಸ ಬಿಡುದು ಅಂತ ನಾನು ಹೇಳಲೇ ಇಲ್ಲ. ಫೋನ್ ಮಂದೂಬನ ಕೈಯಲ್ಲಿ ಕೊಟ್ಟೆ, ಅವನೇ ಒತ್ತಿದ್ದು."

ಇದು ನಮ್ಮವರ ದೊಡ್ಡ ರೋಗ. ಮಂದೂಬ್ ಎಂದರೆ ಕಂಪನಿಯ ಪರವಾಗಿ ಸರಕಾರಿ ಕೆಲಸಕ್ಕೆ ಓಡಾಡುವವನು. ಈಗ ಎಲ್ಲವೂ ಫೋನಿನಲ್ಲೇ. ಒಪ್ಪಿಗೆ ಎಂಬುದು ಸಹಿಯಲ್ಲ, ಒಂದು ಗುಂಡಿ. ಆ ಗುಂಡಿ ಒತ್ತಲು ನಮ್ಮವರು ಫೋನನ್ನೇ ಅವನಿಗೆ ಕೊಟ್ಟು, ಚಾ ತಂದುಕೊಟ್ಟು, "ನೀವೇ ನೋಡಿ ಮಾಡಿ" ಎನ್ನುತ್ತಾರೆ. ಓದುತ್ತೇನೆ ಎಂದರೆ ಅವನ ಮೇಲೆ ನಂಬಿಕೆ ಇಲ್ಲ ಎಂದಾಗುತ್ತದಂತೆ. ಈ ಮರ್ಯಾದೆಗಿಷ್ಟು ಬೆಂಕಿ ಹಾಕ!

ಮಂದೂಬನಿಗೆ ಫೋನ್ ಮಾಡಿದೆ. ಆಸಾಮಿ ನಮ್ಮೂರ ಕಡೆಯವನೇ. "ಮೇಡಂ, ಅವರೇ ಒಪ್ಪಿದ್ದು. ನಿಮಗೆಂತಕ್ಕೆ ಇದೆಲ್ಲ?" ಎಂದ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹೇಳಬೇಕಾದವರಿಗೇ ಹೇಳುವುದು ಎಂದು ಎದ್ದೆ. ಗಂಡ ಬಾಗಿಲಲ್ಲಿ ನಿಂತು, "ನಾಳೆ ನಮ್ಮ ಇಕಾಮಾಕ್ಕೆ ತೊಂದರೆ ಬಂದರೆ?" ಎಂದರು. "ಬಂದಾಗ ಅದನ್ನೂ ಓದುತ್ತೇನೆ" ಎಂದು ಕಾರಿನ ಕೀ ತೆಗೆದುಕೊಂಡು ಬಾಯಮ್ಮನನ್ನೂ ಹೊರಡಿಸಿದೆ.

ನರ್ಸರಿಯ ಆಫೀಸಿನ ಹೊರಕೋಣೆಯಲ್ಲಿ ಮಂದೂಬ್ ಮಾತ್ರ ಇದ್ದ. ನನ್ನನ್ನು ಕಂಡದ್ದೇ ಸ್ವರ ಬೆಣ್ಣೆಯಾಯಿತು. "ಸಿಸ್ಟಮ್ ಮಿಸ್ಟೇಕ್ ಮೇಡಂ. ಬಾಯಮ್ಮ, ನೀವು ನಾಳೆ ಆರಾಮಾಗಿ ಹೋಗಿ. ಮದುವೆ ಮುಗೀಲಿ, ಹೊಸ ವೀಸಾ ನಾನೇ ಕಳಿಸ್ತೇನೆ. ಈಗ ಕ್ಯಾನ್ಸಲ್ ಮಾಡಿದ್ರೆ ವಿಮಾನ ತಪ್ತದೆ, ಮಗಳ ರೋಸ್ ತಪ್ತದೆ. ತಾಯಿ ಇಲ್ಲದ ರೋಸ್ ಚಂದವಾ? ಫೋನ್ ಕೊಡಿ ಇಲ್ಲಿ, ನೋಡ್ತೇನೆ."

ವಿಮಾನ ತಪ್ಪುವುದು ನಿಜ. ಮಗಳು ನನ್ನವಳಲ್ಲ, ಹಟ ನನ್ನದು. ಇದನ್ನು ನಾನು ಹೇಗೆ ತೀರ್ಮಾನಿಸಲಿ?

ಬಾಯಮ್ಮ ಫೋನನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಸ್ವರ ಮಾತ್ರ ಅಲುಗಲಿಲ್ಲ. "ಕೊಡುದಿಲ್ಲ. ವಿಮಾನ ಹೋದ್ರೆ ಹೋಗ್ಲಿ. ಒಡತಿಯನ್ನು ಕರಿ."

ಸೌದಿ ಒಡತಿ ಒಳಗಿನ ಕೋಣೆಯಿಂದ ಬಂದರು. ಮಂದೂಬ್ ಅರಬಿಯಲ್ಲಿ ಗಡಗಡನೆ ಏನೋ ಶುರು ಮಾಡಿದ. ಬಾಯಮ್ಮ ಅವನ ಮಾತನ್ನು ತುಂಡು ಮಾಡಿ, ನರ್ಸರಿ ಮಕ್ಕಳಿಂದ ಕಲಿತ ಹರಕು ಅರಬಿಯಲ್ಲಿ ಹೇಳಿದರು: "ಅನಾ ರೂಹ್, ಬಾದೇನ್ ಈಜಿ." ನಾನು ಹೋಗುತ್ತೇನೆ, ಆಮೇಲೆ ಬರುತ್ತೇನೆ.

ಒಡತಿಗೆ ಆಶ್ಚರ್ಯ. ಬಾಯಮ್ಮನೇ ಕೆಲಸ ಬಿಡುತ್ತೇನೆ ಎಂದರು, ಬದಲಿಗೆ ಒಬ್ಬರನ್ನು ಗೊತ್ತು ಮಾಡಿದ್ದೇನೆ ಎಂದು ಮಂದೂಬ್ ಹೇಳಿದ್ದನಂತೆ. ಯಾರು ಎಂದು ಕೇಳಿದರೆ ಅವನ ಹೆಂಡತಿಯ ತಂಗಿ! ನಾಚಿಕೆಗೆಟ್ಟವನು! ಒಡತಿ ಅಲ್ಲೇ ವೀಸಾ ರದ್ದು ಮಾಡಿಸಿದರು. ಆದರೆ ಹೊಸದು ಕೂಡಲೇ ಸಿಗಲಿಲ್ಲ. ವಿಮಾನ ಹೋಯಿತು.

ಹೋಗಿ ಬರುವ ವೀಸಾ ಕೈಗೆ ಬಂದದ್ದು ರೋಸ್‌ನ ದಿನ ಮಧ್ಯಾಹ್ನ. ಮಂದೂಬ್ ಬದಿಯಲ್ಲಿ ನಿಂತು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದರೂ ಬಾಯಮ್ಮ ಒಂದೊಂದೇ ಸಾಲನ್ನು ನನ್ನಿಂದ ಓದಿಸಿ, ಅರ್ಥ ಕೇಳಿ, ತಾವೇ ಗುಂಡಿ ಒತ್ತಿದರು. ಆ ರಾತ್ರಿಯ ವಿಮಾನ ಹತ್ತಿದರೆ ಬೆಳಿಗ್ಗೆ ನೇರ ಮದುವೆಯ ಇಗರ್ಜಿಗೆ ತಲುಪಬಹುದಿತ್ತು.

ರೋಸ್ ಶಾಸ್ತ್ರವನ್ನು ಅವರು ನೋಡಿದ್ದು ನಮ್ಮ ಮನೆಯ ಸೋಫಾದಲ್ಲಿ ಕುಳಿತು, ವೀಡಿಯೊ ಕಾಲಿನಲ್ಲಿ. ಮಗಳ ತಲೆಗೆ ಚಿಕ್ಕಮ್ಮ ತೆಂಗಿನಹಾಲು ಸುರಿಯುತ್ತಿದ್ದಳು. ಬಾಯಮ್ಮ ಎರಡು ಬೆರಳಿನಿಂದ ಪರದೆಯ ಮೇಲೆ ಮಗಳ ಹಣೆ ಸವರಿದರು. ನನ್ನ ಗಂಡ ಮುಖ ತಿರುಗಿಸಿ ಎದ್ದುಹೋದರು. ಮಗಳು ಅಳುತ್ತಾ ಕೇಳಿದಳು, "ಮಾಯ್, ಎಂತಾದ್ರೂ ಹೇಳು."

"ನಾಳೆ ಇಗರ್ಜಿಯಲ್ಲಿ ರಿಜಿಸ್ಟರಿಗೆ ಸೈನ್ ಮಾಡುವ ಮೊದಲು ಓದು," ಎಂದರು ಬಾಯಮ್ಮ. "ಪೂರಾ ಓದು. ಗಂಡು ಕಾಯ್ಲಿ."

ಆಚೆ ಬದಿಯಲ್ಲಿ ಎಲ್ಲರೂ ಗೊಳ್ಳೆಂದು ನಕ್ಕರು. ಬಾಯಮ್ಮ ನಗಲಿಲ್ಲ. ಮಗಳು "ಆಯ್ತು" ಎನ್ನುವವರೆಗೂ ಕಾದರು.