ಇಳಿಜಾರಿನಲ್ಲಿ ಕೇಳಿದ ಬೆಲ್ಲು

ವಸುಧಾಳ ಸೈಕಲ್ ಬೆಲ್ಲಿನ ಬಟ್ಟಲು ಒಂದು ಕಡೆ ಸೀಳಿತ್ತು. ಎಲ್ಲರ ಬೆಲ್ಲೂ ಟ್ರಿಣ್ ಎಂದರೆ ಅವಳದು ಕರಕರ ಎನ್ನುತ್ತಿತ್ತು, ಬಿರುಕು ಬಿಟ್ಟ ಪಿಂಗಾಣಿಗೆ ಚಮಚ ತಾಗಿಸಿದ ಹಾಗೆ. ನಮ್ಮ ಗುಂಪಿನಲ್ಲಿ ಆ ಸದ್ದು ಇನ್ನಾರ ಸೈಕಲ್ಲಿನಿಂದಲೂ ಬರುವಂತಿರಲಿಲ್ಲ.

ಈಗ ಹೇಳಹೊರಟಿರುವಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಮರ್ಯಾದೆಗೆ ಕೇಳಿಸಿಕೊಳ್ಳುತ್ತಿದ್ದೆ, ನಂಬುತ್ತಿರಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದವಳು. ಕೇಳಿದ ಸದ್ದಿಗೆ ಎಲ್ಲೋ ಒಂದು ಕಡೆ ಮೂಲ ಇರಲೇಬೇಕು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ನೀವೂ ಹಾಗೆಯೇ ಯೋಚಿಸುವವರಾದರೆ ನನ್ನದೇನೂ ಅಭ್ಯಂತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ನಮ್ಮದೊಂದು ಸಣ್ಣ ಸೈಕಲ್ ಕ್ಲಬ್ ಇತ್ತು. ಗೇರಿಲ್ಲದ ಮಾಮೂಲಿ ಸೈಕಲ್ಲುಗಳಲ್ಲೇ ಗುಡ್ಡಗಳ ಮಣ್ಣುದಾರಿ ಹತ್ತಿ ಇಳಿಯುವುದು ನಮ್ಮ ಹುಚ್ಚು. ಹುಡುಗಿಯರೆಂದರೆ ನಾನು ಮತ್ತು ವಸುಧಾ ಇಬ್ಬರೇ. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಪ್ರಭಾಕರಣ್ಣ ನಮ್ಮ ಮುಂದಾಳು.

ಆ ಡಿಸೆಂಬರಿನಲ್ಲಿ ಕನಕಪುರ ರಸ್ತೆಯಾಚೆಯ ಒಂದು ಗುಡ್ಡಕ್ಕೆ ಹೊರಟೆವು. ಶನಿವಾರ ಮೇಲಿನ ಛತ್ರದಲ್ಲಿ ಉಳಿದು ಭಾನುವಾರ ಇಳಿಯುವುದೆಂದು ನಿಶ್ಚಯವಾಗಿತ್ತು. ವಸುಧಾಳನ್ನು ಕರೆದುಕೊಂಡು ಬರಲು ಹನುಮಂತನಗರದ ಅವರ ಮನೆಗೆ ಹೋದಾಗ ಅವಳ ಅಮ್ಮ ಬಾಗಿಲಲ್ಲೇ ನಿಂತಿದ್ದರು. "ನಿನ್ನ ನಂಬಿ ಕಳಿಸ್ತಾ ಇದೀನಿ ಕಣಮ್ಮಾ. ಅವಳ್ನ ಬಿಟ್ಟು ಮುಂದೆ ಹೋಗ್ಬೇಡ," ಎಂದರು. ಆಗಲಿ ಎಂದೆ.

ಜರಗನಹಳ್ಳಿ ದಾಟುವಾಗ ಪ್ರಭಾಕರಣ್ಣ, "ವಸುಧಾ, ನಿನ್ ಬೆಲ್ ಕೇಳಿದ್ರೆ ಕಲಾಯಿ ಹಾಕೋನು ಬಂದ ಅಂತ ಪಾತ್ರೆ ತರ್ತಾರೆ ನೋಡು," ಎಂದು ರೇಗಿಸಿದರು. "ತರಲಿ ಬಿಡಿ ಅಣ್ಣ, ನಿಮ್ ಟಿಫನ್ ಡಬ್ಬಿಗೂ ಹಾಕ್ಕೊಡ್ತೀನಿ," ಎಂದಳು ಅವಳು.

ಭಾನುವಾರ ಬೆಳಿಗ್ಗೆ ಛತ್ರದಿಂದ ಹೊರಗೆ ಬಂದರೆ ಮಂಜು. ನನ್ನ ಮುಂದಿನ ಚಕ್ರವೇ ಮಸುಕಾಗಿ ಕಾಣುತ್ತಿತ್ತು. ಮಂಜಿನಲ್ಲಿ ಇಳಿಯುವುದಕ್ಕೆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತು. ಮುಂದಿದ್ದವರು ಬೆಲ್ ಹೊಡೆಯಬೇಕು, ಅವರ ಹಿಂದಿನವರು ಅದಕ್ಕೆ ಉತ್ತರವಾಗಿ, ಹೀಗೆ ಕೊನೆಯವರವರೆಗೆ. ಯಾರ ಬೆಲ್ಲಾದರೂ ಕೇಳದಿದ್ದರೆ ಎಲ್ಲರೂ ನಿಲ್ಲಬೇಕು. ಕೇಳಿದರೆ ಯಾರೂ ಹಿಂದಕ್ಕೆ ತಿರುಗುವ ಹಾಗಿಲ್ಲ. ಇಳಿಜಾರಿನಲ್ಲಿ ತಿರುಗಿ ನೋಡಿ ಬಿದ್ದವರಿದ್ದರು. ಕೊನೆಯವಳು ವಸುಧಾ, ಅವಳ ಮುಂದೆ ನಾನು.

ಹೊರಟ ಮೇಲೆ ಬೆಲ್ಲಿನ ಪ್ರತಿ ಸುತ್ತೂ ಸರಿಯಾಗಿ ಬಂತು. ನಾನು ಹೊಡೆಯುತ್ತಿದ್ದೆ, ಹಿಂದೆ ಕರಕರ. ಆದರೆ ಅರ್ಧ ದಾರಿಯಲ್ಲಿ ನನಗೆ ಏನೋ ಸರಿಯಿಲ್ಲ ಅನ್ನಿಸತೊಡಗಿತು. ನನ್ನ ಬೆಲ್ಲು ನಿಲ್ಲುವ ಮೊದಲೇ ಅವಳದು ಶುರುವಾಗುತ್ತಿತ್ತು. ನಾನು ಬ್ರೇಕ್ ಹಿಡಿದು ನಿಧಾನ ಮಾಡಿದರೂ ಆ ಸದ್ದು ಹತ್ತಿರ ಬರಲಿಲ್ಲ, ಜೋರಾಗಿ ಇಳಿದರೂ ಹಿಂದೆ ಬೀಳಲಿಲ್ಲ. ಕಲ್ಲುಗಳ ಮೇಲೆ ಚಕ್ರ ಹಾರುವ ಸದ್ದು ನನ್ನದು ಮಾತ್ರ ಕೇಳುತ್ತಿತ್ತು.

"ವಸೂ, ಬರ್ತಿದೀಯಾ?" ಎಂದು ಕೂಗಿದೆ. ಅವಳು ಒಂದು ಮಾತಿಗೆ ನಾಲ್ಕು ಮಾತಾಡುವವಳು. ಮಾತು ಬರಲಿಲ್ಲ. ಬೆಲ್ಲು ಬಂತು. ಕುತ್ತಿಗೆ ತಿರುಗಿಸಬೇಕೆಂದರೂ ಆಗಲಿಲ್ಲ. ಅದು ಪದ್ಧತಿಗೆ ಕೊಟ್ಟ ಗೌರವವೋ ಭಯವೋ ಈಗ ಹೇಳಲಾರೆ.

ಕೆಳಗಿನ ಟೀ ಅಂಗಡಿಯ ಹತ್ತಿರ ಮಂಜು ತೆಳುವಾಗಿತ್ತು. ಎಲ್ಲರೂ ನಿಂತಿದ್ದರು. ನಾನು ಇಳಿದು, ಕೊನೆಗೂ ಹಿಂದೆ ನೋಡಿದೆ. ದಾರಿ ಖಾಲಿಯಿತ್ತು.

"ಎಲ್ಲಿ ಅವಳು?" ಪ್ರಭಾಕರಣ್ಣ ಕೇಳಿದರು. "ಈಗ ತಾನೆ ಬೆಲ್ ಹೊಡೆದಳಲ್ಲ." ಅವರೂ ಕೇಳಿದ್ದರು. ಅಲ್ಲಿದ್ದ ಎಲ್ಲರೂ ಕೇಳಿದ್ದರು.

ಸ್ವಲ್ಪ ಹೊತ್ತು ಕಾದು, ಸೈಕಲ್ಲುಗಳನ್ನು ಅಲ್ಲೇ ಬಿಟ್ಟು ನಡೆದೇ ಮೇಲೆ ಹತ್ತಿದೆವು. ಅವಳ ಅಮ್ಮನ ಮಾತು ಬಿಟ್ಟು ಬೇರೇನೂ ನನ್ನ ತಲೆಯಲ್ಲಿರಲಿಲ್ಲ. ಒಂದೊಂದು ತಿರುವಿನಲ್ಲೂ ಕೆಳಗೆ ಬಗ್ಗಿ ನೋಡುತ್ತಿದ್ದೆ, ಏನು ಕಾಣಿಸುವುದೋ ಎಂದು ಹೆದರುತ್ತಲೇ. ಅವಳು ಸಿಕ್ಕಿದ್ದು ಎಲ್ಲಕ್ಕಿಂತ ಮೇಲೆ, ಛತ್ರದಿಂದ ಹೊರಟ ಮೇಲಿನ ಮೊದಲ ತಿರುವಿನಲ್ಲೇ. ಲಂಟಾನ ಪೊದೆಗೆ ಒರಗಿ ಕೂತಿದ್ದಳು. ಕಾಲು ಮುರಿದಿತ್ತು. ಸೈಕಲ್ಲು ಪಕ್ಕದ ಹಳೆಯ ಕಲ್ಲುಕ್ವಾರಿಯೊಳಗೆ ಬಿದ್ದಿತ್ತು.

"ಬಂದ್ಯಾ," ಎಂದಳು ಸಮಾಧಾನದಿಂದ. "ಮೊದ್ಲು ಕೂಗಿದೆ. ಆಮೇಲೆ ನಿನ್ ಬೆಲ್ ಇಲ್ಲೇ ತಿರುವಿನಲ್ಲಿ ಕೇಳ್ತಾ ಇತ್ತಲ್ಲ, ಇದೀಯ ಅಂತ ಸುಮ್ನಾದೆ. ಯಾಕೆ ಅಷ್ಟು ಹೊತ್ತು ಅಲ್ಲೇ ನಿಂತಿದ್ದೆ?"

ಪ್ರಭಾಕರಣ್ಣ ಕ್ವಾರಿಗಿಳಿದು ಸೈಕಲ್ಲನ್ನು ಎತ್ತಿ ತಂದರು. ಬೆಲ್ಲು ಹ್ಯಾಂಡಲಿನಲ್ಲೇ ಇತ್ತು, ಬಟ್ಟಲಿನೊಳಗೆ ಕೆಸರು ತುಂಬಿತ್ತು. ಅವರು ಹೆಬ್ಬೆರಳಿನಿಂದ ಒತ್ತಿದರು. ಮಿಸುಕಲಿಲ್ಲ. ನನ್ನ ಮುಖ ನೋಡಿದರು. ಆಮೇಲೆ ಯಾವತ್ತೂ ಆ ಮಾತು ತೆಗೆಯಲಿಲ್ಲ.

ಪ್ರತಿಧ್ವನಿ ಇರಬಹುದೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಒಡೆಯದ ನನ್ನ ಬೆಲ್ಲಿನ ಪ್ರತಿಧ್ವನಿ ಒಡೆದು ಬರುವುದಿಲ್ಲ. ನಾನು ಗುಡ್ಡದ ಬುಡದಲ್ಲಿದ್ದಾಗ ನನ್ನ ಬೆಲ್ಲು ಅವಳಿಗೆ ಪಕ್ಕದಲ್ಲೇ ಕೇಳಿದ್ದು ಹೇಗೆಂಬುದೂ ತಿಳಿಯದು. ಒಂದು ಮಾತ್ರ ಗೊತ್ತು. ಆ ಎರಡು ಸದ್ದು ಇಲ್ಲದಿದ್ದರೆ ನಾನು ನಿಲ್ಲುತ್ತಿದ್ದೆ, ಅವಳು ಕೂಗುತ್ತಲೇ ಇರುತ್ತಿದ್ದಳು.

ಆ ಸಂಜೆ ಕಾಲಿಗೆ ಪ್ಲಾಸ್ಟರ್ ಹಾಕಿಸಿ ಅವಳನ್ನು ಮನೆಗೆ ತಲುಪಿಸಿದಾಗ ಅವಳ ಅಮ್ಮ ಬೈಯಲಿಲ್ಲ. "ನೀನೆಲ್ಲಿದ್ದೆ?" ಎಂದಷ್ಟೇ ಕೇಳಿದರು. "ಮುಂದೆ ಇದ್ದೆ," ಎಂದೆ.

ಮಾರನೆಯ ಬೆಳಿಗ್ಗೆ, ಅವಳ ಅಮ್ಮ ನಂಬಲಿ ಬಿಡಲಿ, ಎಲ್ಲವನ್ನೂ ಹೇಳಿಬಿಡಬೇಕೆಂದು ಮತ್ತೆ ಹನುಮಂತನಗರಕ್ಕೆ ಹೊರಟೆ. ಸೈಕಲ್ ಹತ್ತಲು ಮನಸ್ಸಾಗಲಿಲ್ಲ, ನಡೆದೆ. ದಾರಿಯಲ್ಲಿ ಹಿಂದಿನಿಂದ ಬೆಲ್ಲು ಕೇಳಿದಾಗಲೆಲ್ಲ ಪಕ್ಕಕ್ಕೆ ಸರಿದು ನಿಂತೆ. ಸೈಕಲ್ಲಿನವರು ನನ್ನನ್ನು ದಾಟುವಾಗ ಅವರ ಮುಖ ಕಂಡ ಮೇಲೆಯೇ ಮುಂದೆ ಹೆಜ್ಜೆಯಿಟ್ಟೆ.